ಅಳತೆ ಕಳೆದುಕೊಂಡ ಬಿಡಿಭಾಗಗಳು

ಕಂಪ್ಲಿ ತಾಲ್ಲೂಕಿನ ಮೆಟ್ರಿಯಲ್ಲಿರುವ ನಮ್ಮ ಹಳೆಯ ಮನೆಯ ಕೊಟ್ಟಿಗೆಯಲ್ಲಿ ಕಾರಿನ ಮಡ್‌ಗಾರ್ಡ್ ಒಂದು ಎರಡು ವರ್ಷಗಳಿಂದ ಗೋಡೆಗೆ ಒರಗಿ ನಿಂತಿದೆ. ಅದು ಹೊಚ್ಚ ಹೊಸದು. ತುಕ್ಕು ತಡೆಯುವ ಕೆಂಪು ಲೇಪನದ ಮೇಲೆ ‘ಅಂಬಾಸಿಡರ್ ಮಾರ್ಕ್ 2, ಬಲಗಡೆ’ ಎಂದು ಅಂಗಡಿಯವರು ಸೀಮೆಸುಣ್ಣದಿಂದ ಬರೆದದ್ದು ಇನ್ನೂ ಮಾಸಿಲ್ಲ. ಆದರೆ ಅದು ಅಂಬಾಸಿಡರ್ ಕಾರಿಗೆ ಕೂರುವುದಿಲ್ಲ. ಬೋಲ್ಟಿನ ರಂಧ್ರಗಳಲ್ಲಿ ಎರಡು ಮಾತ್ರ ತಮ್ಮ ಜಾಗದಲ್ಲಿವೆ. ಉಳಿದವು ಕಾಲು ಇಂಚಿನಿಂದ ಅರ್ಧ ಇಂಚಿನವರೆಗೆ ಅತ್ತಿತ್ತ ಸರಿದಿವೆ. ದೀಪ ಕೂರಬೇಕಾದ ದುಂಡು ಬಾಯಿ ಮೊಟ್ಟೆಯ ಆಕಾರ ತಳೆದಿದೆ. ಬಾಗಿಲ ಕಡೆಯ ಅಂಚನ್ನು ಮೇಲೆ ಕೂಡಿಸಿದರೆ ಕೆಳಗೆ ಬೆರಳು ತೂರುವಷ್ಟು ಸಂದು ಉಳಿಯುತ್ತದೆ. ಮಾರಿದ ಅಂಗಡಿಗೆ ದೂರವಾಣಿ ಮಾಡಿದಾಗ ದೊರೆತ ಉತ್ತರ ಒಂದೇ ವಾಕ್ಯದ್ದು: ‘ಹಳೇ ಗಾಡಿ ಅಲ್ಲವೇ ಸಾರ್, ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಬೇಕು.’

ಆ ‘ಅಡ್ಜಸ್ಟ್’ ಎಂಬ ಪದದ ಬೆಲೆ ಎಷ್ಟು, ಅದನ್ನು ತೆರುವವರು ಯಾರು ಎಂಬುದನ್ನು ಕುರಿತು ಕಳೆದ ಕೆಲವು ವರ್ಷಗಳಿಂದ ನಾನು ಯೋಚಿಸುತ್ತಿದ್ದೇನೆ.

ಕಾರು ನಮ್ಮ ತಂದೆಯವರದು. ಭತ್ತದ ವ್ಯಾಪಾರದಲ್ಲಿದ್ದ ಅವರು 1968ರಲ್ಲಿ ಅದನ್ನು ಕೊಂಡರು. ಆಗ ಕಾರು ಕೊಳ್ಳುವುದೆಂದರೆ ಅಂಗಡಿಗೆ ಹೋಗಿ ಹಣ ಕೊಟ್ಟು ತರುವ ಸಂಗತಿಯಾಗಿರಲಿಲ್ಲ. 1959ರ ಮೋಟಾರು ಕಾರು ವಿತರಣೆ ಮತ್ತು ಮಾರಾಟ ನಿಯಂತ್ರಣ ಆದೇಶದ ಪ್ರಕಾರ ಹೆಸರು ನೋಂದಾಯಿಸಿ ಸರದಿ ಕಾಯಬೇಕಿತ್ತು. ಕಾದು ಪಡೆದ ಆ ಕಾರು ಊರಿನ ಹೆರಿಗೆ, ಮದುವೆ, ಆಸ್ಪತ್ರೆ ಎಲ್ಲಕ್ಕೂ ಓಡಿತು. ‘ಎಂವೈ’ ಎಂದು ಆರಂಭವಾಗುವ ಮೈಸೂರು ರಾಜ್ಯದ ಕಾಲದ ನೋಂದಣಿ ಫಲಕ ಇಂದಿಗೂ ಅದರ ಮೇಲಿದೆ. ತಂದೆಯವರ ನಂತರ ಬಹುಕಾಲ ಅದು ಹುಲ್ಲಿನ ಬಣವೆಯ ಪಕ್ಕದಲ್ಲಿ ಕೋಳಿಗಳಿಗೆ ಆಶ್ರಯವಾಗಿ ನಿಂತಿತ್ತು. ವಾಣಿಜ್ಯ ತೆರಿಗೆ ಇಲಾಖೆಯ ಸೇವೆಯಿಂದ ನಿವೃತ್ತನಾದ ಮೇಲೆ ಅದನ್ನು ಮತ್ತೆ ರಸ್ತೆಗಿಳಿಸುವ ಹುಮ್ಮಸ್ಸು ನನಗೆ ಬಂದಿತು. ಕಂಪ್ಲಿಯ ವೃದ್ಧ ಮೆಕ್ಯಾನಿಕ್ ಒಬ್ಬರು ಜೊತೆಗೂಡಿದರು. ತಂದೆಯವರ ಕಾಲದಲ್ಲಿ ಹುಡುಗನಾಗಿದ್ದಾಗಲೇ ಇದೇ ಕಾರಿನ ಚಕ್ರ ಬಿಚ್ಚಿದವರು ಅವರು.

ಹಳೆಯ ಕಾರನ್ನು ಪುನರುಜ್ಜೀವನಗೊಳಿಸುವವರ ಮುಖ್ಯ ಕಷ್ಟ ಬಿಡಿಭಾಗ ಸಿಗದಿರುವುದು ಎಂದು ನಾನು ತಿಳಿದಿದ್ದೆ. ಅದು ತಪ್ಪು ತಿಳಿವಳಿಕೆ. ಬಿಡಿಭಾಗಗಳು ಧಾರಾಳವಾಗಿ ಸಿಗುತ್ತವೆ. ಬೆಂಗಳೂರಿನ ಜೆ.ಸಿ. ರಸ್ತೆ, ದೆಹಲಿಯ ಕಾಶ್ಮೀರಿ ಗೇಟ್, ಕೋಲ್ಕತ್ತದ ಮಲ್ಲಿಕ್ ಬಜಾರ್ ಎಲ್ಲಿ ಕೇಳಿದರೂ ಅಂಬಾಸಿಡರ್‌ನ ಭಾಗ ಉಂಟು. ಕಷ್ಟವೆಂದರೆ ಅವು ಕೂರುವುದಿಲ್ಲ. ಬುಷ್ ಸಡಿಲ, ಬಾಗಿಲ ರಬ್ಬರು ದಪ್ಪ, ಬೋಲ್ಟು ಎರಡು ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ. ಬೋಲ್ಟಿನ ವಿಷಯವನ್ನೇ ನೋಡಿ. ಅಂಬಾಸಿಡರ್ ಇಂಚಿನ ಲೆಕ್ಕದ ಬ್ರಿಟಿಷ್ ವಿನ್ಯಾಸದಿಂದ ಬಂದ ಕಾರು. ಅದರ 5/16 ಇಂಚಿನ ಬೋಲ್ಟಿನ ವ್ಯಾಸ 7.94 ಮಿಲಿಮೀಟರು, ಒಂದು ಇಂಚಿಗೆ 24 ಎಳೆಗಳು. ಇಂದು ಅಂಗಡಿಯಲ್ಲಿ ಸಿಗುವ 8 ಮಿಲಿಮೀಟರಿನ ಬೋಲ್ಟಿಗೆ ಇಂಚಿಗೆ ಸುಮಾರು 20 ಎಳೆ. ಕಣ್ಣಿಗೆ ಎರಡೂ ಒಂದೇ. ಬಲವಂತವಾಗಿ ತಿರುಗಿಸಿದರೆ ಹೊಸ ಬೋಲ್ಟು ಒಳಹೋಗುತ್ತದೆ. ಹೋಗುವಾಗ ಅರ್ಧ ಶತಮಾನ ಬಾಳಿದ ಹಳೆಯ ಎಳೆಗಳನ್ನು ಕತ್ತರಿಸಿಕೊಂಡೇ ಹೋಗುತ್ತದೆ. ದೇಶ ದಶಮಾನ ಪದ್ಧತಿಯ ತೂಕ ಮತ್ತು ಅಳತೆಗೆ ಕಾನೂನು ಮಾಡಿದ್ದು 1956ರಲ್ಲಿ. ಎಪ್ಪತ್ತು ವರ್ಷಗಳ ಹಿಂದಿನ ಆ ಸ್ಥಿತ್ಯಂತರದ ಜಗಳ ನನ್ನ ಕಾರಿನ ಇಂಜಿನ್ನಿನಲ್ಲಿ ಇನ್ನೂ ಮುಗಿದಿಲ್ಲ.

ಒಂದು ಯಂತ್ರದ ಭಾಗವನ್ನು ತೆಗೆದು ಅಂಥದೇ ಇನ್ನೊಂದನ್ನು ಅರವಿನ ಸಹಾಯವಿಲ್ಲದೆ ಕೂರಿಸಬಹುದು ಎಂಬುದು ಇಂದು ನಮಗೆ ಸಹಜವೆನಿಸುತ್ತದೆ. ಆದರೆ ಅದು ಕಷ್ಟಪಟ್ಟು ಗಳಿಸಿದ ಸಿದ್ಧಿ. 1908ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ರಾಯಲ್ ಆಟೊಮೊಬೈಲ್ ಕ್ಲಬ್ಬಿನ ಎದುರು ಮೂರು ಕ್ಯಾಡಿಲಾಕ್ ಕಾರುಗಳನ್ನು ಪೂರ್ತಿ ಬಿಚ್ಚಿ, ಭಾಗಗಳನ್ನೆಲ್ಲ ಒಂದೇ ರಾಶಿಯಲ್ಲಿ ಕಲಸಿ, ಕೆಲವನ್ನು ಮಾರಾಟಗಾರರ ದಾಸ್ತಾನಿನಿಂದ ತಂದ ಹೊಸ ಭಾಗಗಳಿಗೆ ಬದಲಿಸಿ, ಮತ್ತೆ ಮೂರು ಕಾರು ಕಟ್ಟಿದರು. ಸಾಮಾನ್ಯ ಕೈ ಉಪಕರಣಗಳಷ್ಟೇ ಬಳಕೆಯಾದವು. ಆ ಮೂರೂ ಕಾರುಗಳು 500 ಮೈಲಿ ಓಡಿದವು. ಆ ಸಾಧನೆಗೆ ಅಂದಿನ ಪ್ರತಿಷ್ಠಿತ ಡೀವರ್ ಪಾರಿತೋಷಕ ಸಂದಿತು. ವೇಗಕ್ಕಲ್ಲ, ಸೊಬಗಿಗಲ್ಲ, ಅಳತೆಗೆ ಸಂದ ಬಹುಮಾನ ಅದು. ನೂರಕ್ಕೂ ಹೆಚ್ಚು ವರ್ಷಗಳ ನಂತರ ಒಂದು ಮಡ್‌ಗಾರ್ಡನ್ನು ಕೂರಿಸಲು ನಾವು ಗ್ಯಾಸ್ ಕಟರ್ ತರಿಸುತ್ತಿದ್ದೇವೆ.

ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಕಾರ್ಖಾನೆಯಿಂದ ಹೊರಬಂದ ಅಂಬಾಸಿಡರ್ ಕೂಡ ಕ್ಯಾಡಿಲಾಕ್ ಆಗಿರಲಿಲ್ಲ. ಹಾರ್ನ್ ಒಂದನ್ನು ಬಿಟ್ಟು ಉಳಿದೆಲ್ಲವೂ ಸದ್ದು ಮಾಡುತ್ತವೆ ಎಂಬ ನಗೆಮಾತು ಅದರ ಬಗ್ಗೆ ಹುಟ್ಟಿದ್ದು ಸುಮ್ಮನೆ ಅಲ್ಲ. ಕಾಯುವ ಗಿರಾಕಿಗಳ ಸರದಿ ಬಾಗಿಲಲ್ಲಿರುವಾಗ ಬಾಗಿಲ ಸಂದನ್ನು ಯಾರು ಅಳೆಯುತ್ತಾರೆ? ಸಂರಕ್ಷಿತ ಮಾರುಕಟ್ಟೆಯ ಸೋಮಾರಿತನವನ್ನು ನಾನು ಸಮರ್ಥಿಸುವುದಿಲ್ಲ. ಆದರೂ ಉತ್ತರಪಾರಾದ ಹಿಂದುಸ್ತಾನ್ ಮೋಟಾರ್ಸ್ ಕಾರ್ಖಾನೆಯಲ್ಲಿ ನಕ್ಷೆಯಿತ್ತು, ಅಚ್ಚು ಇತ್ತು, ಗೇಜು ಇತ್ತು. ತಪ್ಪು ಆದರೆ ಯಾವುದಕ್ಕೆ ಹೋಲಿಸಿ ತಪ್ಪು ಎಂದು ಹೇಳಲು ಒಂದು ಮೂಲ ಇತ್ತು. 2014ರ ಮೇ ತಿಂಗಳಲ್ಲಿ ಅಲ್ಲಿ ಅಂಬಾಸಿಡರ್ ಉತ್ಪಾದನೆ ನಿಂತಿತು. ಮುಂಬೈಯ ಪ್ರೀಮಿಯರ್ ಪದ್ಮಿನಿಯ ತಯಾರಿಕೆ ಅದಕ್ಕೂ ಮೊದಲೇ, 2000ದ ಹೊತ್ತಿಗೆ ಮುಗಿದಿತ್ತು. ಆ ಊರಿನ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಇನ್ನೂ ಹಿಂದಿನ ಮಾತು. ತಯಾರಕರು ನಿರ್ಗಮಿಸಿದರು. ವಾಹನಗಳು ಉಳಿದವು. ಬೇಡಿಕೆಯೂ ಉಳಿಯಿತು. ಆ ಬೇಡಿಕೆಯನ್ನು ಪೂರೈಸಲು ಬಂದವರ ಬಳಿ ಮೂಲದ ಅಳತೆ ಇರಲಿಲ್ಲ.

ಹಾಗಾದರೆ ಅವರು ಏನನ್ನು ನೋಡಿ ತಯಾರಿಸುತ್ತಾರೆ? ಹಳೆಯ ಭಾಗವನ್ನು ನೋಡಿ. ನಮ್ಮ ಮೆಕ್ಯಾನಿಕ್ ಇದನ್ನು ನನಗೆ ವಿವರಿಸಿದ ರೀತಿ ಯಾವ ಉಪನ್ಯಾಸಕ್ಕೂ ಕಡಿಮೆಯಿರಲಿಲ್ಲ. ಗುಜರಿಯಿಂದ ತಂದ ಮಾದರಿ ಭಾಗ ನಲವತ್ತು ವರ್ಷ ಸವೆದಿರುತ್ತದೆ. ಆ ಸವಕಲೇ ಹೊಸ ಭಾಗದ ಅಳತೆಯಾಗುತ್ತದೆ. ಆ ಹೊಸ ಭಾಗವನ್ನು ನೋಡಿ ಇನ್ನೊಬ್ಬ ಮತ್ತೊಂದನ್ನು ಮಾಡುತ್ತಾನೆ. ಎರಕದ ಭಾಗಗಳಲ್ಲಿ ಇನ್ನೊಂದು ತೊಡಕಿದೆ. ಕರಗಿದ ಲೋಹ ಆರುವಾಗ ಕುಗ್ಗುತ್ತದೆ; ಬೀಡುಕಬ್ಬಿಣ ಸುಮಾರು ಶೇ 1ರಷ್ಟು, ಅಲ್ಯೂಮಿನಿಯಂ ಅದಕ್ಕಿಂತ ತುಸು ಹೆಚ್ಚು. ಆದ್ದರಿಂದಲೇ ಅಚ್ಚಿನ ಮಾದರಿ ಮಾಡುವ ಬಡಗಿಗಳು ಕುಗ್ಗುವಿಕೆಯನ್ನು ಮೊದಲೇ ಸೇರಿಸಿ ಗುರುತು ಹಾಕಿದ ವಿಶೇಷ ಅಳತೆಪಟ್ಟಿಯನ್ನು ಬಳಸುತ್ತಾರೆ. ಬೆಳಗಾವಿಯ ಎರಕದ ಕಾರ್ಖಾನೆಗಳಲ್ಲಿ ಇದು ಮಕ್ಕಳಿಗೂ ಗೊತ್ತಿರುವ ವಿಷಯ. ಅದನ್ನು ಬಿಟ್ಟು ಹಳೆಯ ಭಾಗವನ್ನೇ ಮರಳಿನಲ್ಲಿ ಒತ್ತಿ ಅಚ್ಚು ತೆಗೆದರೆ 200 ಮಿಲಿಮೀಟರಿನ ಭಾಗ 198ಕ್ಕೆ ಇಳಿಯುತ್ತದೆ. ಬೋಲ್ಟಿನ ರಂಧ್ರಗಳು ಸರಿಯಲು ಅಷ್ಟೇ ಸಾಕು. ಮಾಡಿದವನು ಮೋಸಗಾರನಾಗಿರಬೇಕಿಲ್ಲ. ಅವನ ಕೈಯಲ್ಲಿ ನಕ್ಷೆ ಇಲ್ಲ, ಅಷ್ಟೇ. ತಗಡಿನ ಭಾಗಗಳದೂ ಇದೇ ಕಥೆ: ಪ್ರೆಸ್ಸಿನ ಅಚ್ಚಿಲ್ಲದೆ ಕೈಯಿಂದ ಬಡಿದ ತಗಡು ಬಾಗಿಸಿದಲ್ಲೇ ನಿಲ್ಲದೆ ತುಸು ಹಿಂದಕ್ಕೆ ಚಿಮ್ಮುತ್ತದೆ.

ಮಡ್‌ಗಾರ್ಡು ಕೂರದಿದ್ದರೆ ನೋಟ ಕೆಡುತ್ತದೆ. ಹೆಚ್ಚೆಂದರೆ ಮಳೆಯ ನೀರು ಒಳಬರುತ್ತದೆ. ಕಾಣದ ಜಾಗದ ಭಾಗಗಳು ಹಾಗಲ್ಲ. ಇದನ್ನು ನಾನು ಕಲಿತದ್ದು ಸಂಡೂರಿನ ಕುಮಾರಸ್ವಾಮಿ ಬೆಟ್ಟದಿಂದ ಇಳಿಯುವಾಗ.

ಕಾರು ಒಂದು ಹದಕ್ಕೆ ಬಂದಿತ್ತು. ನಾಲ್ಕೂ ಚಕ್ರಗಳ ಬ್ರೇಕ್ ಸಿಲಿಂಡರುಗಳಿಗೆ ಹೊಸ ರಬ್ಬರ್ ಬಟ್ಟಲುಗಳನ್ನು ಹಾಕಿಸಿದ್ದೆ. ಪ್ಲಾಸ್ಟಿಕ್ ಚೀಲದಲ್ಲಿ ಬಂದ ಅವುಗಳ ಬೆಲೆ ನೂರು ರೂಪಾಯಿಯೂ ಇರಲಿಲ್ಲ. ಚೀಲದ ಮೇಲೆ ‘ಉತ್ತಮ ಗುಣಮಟ್ಟ’ ಎಂದಿತ್ತು. ಮಾಡಿದವರ ವಿಳಾಸ ಇರಲಿಲ್ಲ. ಗಾತ್ರ ಸರಿಯಾಗಿಯೇ ಇತ್ತು, ಬೆರಳಿನಿಂದ ಒತ್ತಿದರೆ ಸಲೀಸಾಗಿ ಕೂತಿತು. ಆದರೆ ಬ್ರೇಕ್ ಎಣ್ಣೆಗೆ ಒಗ್ಗುವ ರಬ್ಬರು ಬೇರೆ, ಪೆಟ್ರೋಲಿಗೂ ಇಂಜಿನ್ ಎಣ್ಣೆಗೂ ಒಗ್ಗುವ ರಬ್ಬರು ಬೇರೆ. ತಪ್ಪು ಜಾತಿಯ ರಬ್ಬರನ್ನು ಬ್ರೇಕ್ ಎಣ್ಣೆಯಲ್ಲಿಟ್ಟರೆ ಅದು ಕೆಲವು ವಾರಗಳಲ್ಲಿ ಉಬ್ಬುತ್ತದೆ. ಉಬ್ಬಿದ ಬಟ್ಟಲು ಸಿಲಿಂಡರಿನಲ್ಲಿ ಸಿಕ್ಕಿಕೊಂಡು ಹಿಂದೆ ಸರಿಯುವುದಿಲ್ಲ, ಬ್ರೇಕ್ ಬಿಡುವುದಿಲ್ಲ. ಚಕ್ರ ತಿರುಗುತ್ತಲೇ ಉಜ್ಜಿ ಉಜ್ಜಿ ಡ್ರಮ್ಮು ಕಾಯುತ್ತದೆ. ಕೊನೆಗೆ ಎಣ್ಣೆಯೇ ಕುದಿದು ಗುಳ್ಳೆಯಾಗಿ ಪೆಡಲು ತಳಕ್ಕಿಳಿಯುತ್ತದೆ. ಇಷ್ಟು ವಿಜ್ಞಾನ ನನಗೆ ಆಮೇಲೆ ತಿಳಿದದ್ದು. ಆ ದಿನ ತಿಳಿದದ್ದು, ಇಳಿಜಾರಿನ ತಿರುವಿನಲ್ಲಿ ನನ್ನ ಕಾಲ ಕೆಳಗೆ ಪೆಡಲು ಬರಿದಾಯಿತು ಎಂಬುದಷ್ಟೇ. ಗೇರು ಇಳಿಸಿ ಹ್ಯಾಂಡ್‌ಬ್ರೇಕ್ ಎಳೆದೆ. ಕಾರು ನಿಧಾನವಾಯಿತು, ನಿಲ್ಲಲಿಲ್ಲ. ಎದುರಿಗೆ ಕುರಿಯ ಹಿಂಡು ರಸ್ತೆ ದಾಟುತ್ತಿತ್ತು. ಹನ್ನೆರಡು ಹದಿಮೂರು ವರ್ಷದ ಹುಡುಗನೊಬ್ಬ ಹಿಂಡಿನ ನಡುವಿನಿಂದ ಹಾರಿ ಚರಂಡಿಗೆ ಬಿದ್ದ. ಕಾರು ಗುಡ್ಡದ ಕಡೆಯ ಮಣ್ಣಿಗೆ ಒರಗಿ ನಿಲ್ಲುವ ಮುನ್ನ ಒಂದು ಕುರಿ ಸತ್ತಿತ್ತು.

ಹುಡುಗನಿಗೆ ಮೊಣಕೈ ತರಚಿತ್ತು. ಕುರಿಯ ಬೆಲೆಯನ್ನು ಅವನ ತಂದೆಗೆ ಕೊಟ್ಟೆ. ಆತ ಹೆಚ್ಚು ಮಾತನಾಡಲಿಲ್ಲ. ಗಣಿಯ ಲಾರಿಗಳಿಗೆ ಸಿಕ್ಕಿ ಸತ್ತ ಕುರಿಗಳಿಗೆ ಇಷ್ಟು ಸುಲಭವಾಗಿ ಹಣ ಸಿಕ್ಕಿರಲಿಲ್ಲವೆಂದು ಮಾತ್ರ ಹೇಳಿದ. ಮಗನ ಬಗ್ಗೆ ಆತನೂ ಕೇಳಲಿಲ್ಲ, ನಾನೂ ಎತ್ತಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ನಮ್ಮ ಮೆಕ್ಯಾನಿಕ್ ಮೂರು ದಿನ ಗ್ಯಾರೇಜಿಗೆ ಹೋಗಲಿಲ್ಲ. ಐವತ್ತು ವರ್ಷಗಳಲ್ಲಿ ತಾನು ಮುಟ್ಟಿದ ಬ್ರೇಕ್ ಒಂದೂ ಕೈಕೊಟ್ಟಿರಲಿಲ್ಲ ಎಂಬುದು ಅವರ ಸಂಕಟ. ಆ ಬಟ್ಟಲನ್ನು ಕೈಯಲ್ಲಿ ಹಿಡಿದು ನೋಡಿ, ಬೆರಳಿನಿಂದ ಒತ್ತಿ, ಒಪ್ಪಿದವರು ಅವರೇ. ಅನುಭವಿ ಕೈಗೂ ತಿಳಿಯದ ದೋಷ ಅದು.

ಧಾರವಾಡದಲ್ಲಿ ಅರ್ಥಶಾಸ್ತ್ರದ ಎಂ.ಎ. ಓದುವಾಗ ನಮಗೆ ಅಮೆರಿಕದ ಜಾರ್ಜ್ ಅಕೆರ್ಲಾಫ್ ಅವರ 1970ರ ಪ್ರಬಂಧವೊಂದರ ಪರಿಚಯವಾಗಿತ್ತು. ಮೂರು ವಿದ್ವತ್ ಪತ್ರಿಕೆಗಳು ತಿರಸ್ಕರಿಸಿದ್ದ ಆ ಪ್ರಬಂಧವೇ ಮುಂದೆ 2001ರಲ್ಲಿ ಅವರಿಗೆ ನೊಬೆಲ್ ಪಾಲು ತಂದುಕೊಟ್ಟಿತು. ಅದರ ವಸ್ತು ಬಳಸಿದ ಕಾರುಗಳ ಮಾರುಕಟ್ಟೆ. ಅಲ್ಲಿನ ಆಡುಮಾತಿನಲ್ಲಿ ಕೆಟ್ಟ ಕಾರಿಗೆ ‘ನಿಂಬೆಹಣ್ಣು’ ಎನ್ನುತ್ತಾರೆ. (ನಾವು ಆಯುಧಪೂಜೆಯ ದಿನ ಕಾರು ಒಳ್ಳೆಯದಾಗಿರಲಿ ಎಂದು ನಾಲ್ಕು ನಿಂಬೆಹಣ್ಣುಗಳನ್ನು ಚಕ್ರದಡಿ ಇಡುತ್ತೇವೆ, ಯಾರ ನಂಬಿಕೆ ಹೆಚ್ಚು ಸಮಂಜಸವೋ ಓದುಗರು ನಿರ್ಧರಿಸಲಿ.) ಅಕೆರ್ಲಾಫ್ ಹೇಳಿದ್ದು ಸರಳ. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಮಾರುವವನಿಗೆ ತಿಳಿದು ಕೊಳ್ಳುವವನಿಗೆ ತಿಳಿಯದಿದ್ದರೆ, ಕೊಳ್ಳುವವನು ಎರಡರ ಸರಾಸರಿ ಬೆಲೆ ಮಾತ್ರ ಕೊಡಲು ಸಿದ್ಧನಿರುತ್ತಾನೆ. ಆ ಬೆಲೆಗೆ ಒಳ್ಳೆಯದನ್ನು ಮಾರುವುದು ನಷ್ಟ. ಒಳ್ಳೆಯ ಮಾರಾಟಗಾರ ಹೊರನಡೆಯುತ್ತಾನೆ. ಸರಾಸರಿ ಇನ್ನೂ ಇಳಿಯುತ್ತದೆ. ಕೊನೆಗೆ ಉಳಿಯುವುದು ಕೆಟ್ಟ ಸರಕು ಮತ್ತು ‘ಅಡ್ಜಸ್ಟ್ ಮಾಡಿಕೊಳ್ಳಿ’ ಎಂಬ ಉಪದೇಶ.

ಬಿಡಿಭಾಗಗಳ ಸಂದರ್ಭದಲ್ಲಿ ಇದು ಇನ್ನೂ ತೀವ್ರ. ಕೆಟ್ಟ ಮಾವಿನಹಣ್ಣು ಮಾರಿದ ಅಂಗಡಿಗೆ ನಾವು ಮತ್ತೆ ಹೋಗುವುದಿಲ್ಲ. ಆದರೆ ನಾನು ಬಲಗಡೆಯ ಮಡ್‌ಗಾರ್ಡನ್ನು ಜೀವಮಾನದಲ್ಲಿ ಎರಡನೆಯ ಸಲ ಕೊಳ್ಳುವುದಿಲ್ಲ. ಅದು ಅಂಗಡಿಯವನಿಗೂ ಗೊತ್ತು. ಇದರ ಜೊತೆಗೆ ತೆರಿಗೆಯ ಪಾತ್ರವನ್ನೂ, ನನ್ನ ಹಳೆಯ ಇಲಾಖೆಯ ಮೇಲಿನ ಮಮತೆಯನ್ನು ಬದಿಗಿಟ್ಟು, ಒಪ್ಪಿಕೊಳ್ಳಬೇಕು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಬಹುಪಾಲು ವಾಹನ ಬಿಡಿಭಾಗಗಳನ್ನು ಶೇ 28ರ ದರದಲ್ಲಿ ಇರಿಸಲಾಯಿತು. ಅಷ್ಟು ಎತ್ತರದ ದರ ಬಿಲ್ಲಿಲ್ಲದ ವ್ಯಾಪಾರಕ್ಕೆ ಆಮಂತ್ರಣ. ಬಿಲ್ಲಿಲ್ಲದ ಸರಕಿಗೆ ತಯಾರಕನ ಹೆಸರೂ ಇರುವುದಿಲ್ಲ, ಹೊಣೆಯೂ ಇರುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಎಲ್ಲ ಬಿಡಿಭಾಗಗಳಿಗೂ ಏಕರೂಪವಾಗಿ ಶೇ 18 ನಿಗದಿಯಾಗಿದೆ. ತಡವಾಗಿ ಬಂದ ಸರಿಯಾದ ಹೆಜ್ಜೆ. ದರ ಇಳಿದ ಮಾತ್ರಕ್ಕೆ ಅಳತೆ ಸರಿಹೋಗುವುದಿಲ್ಲವಾದರೂ ಕತ್ತಲಲ್ಲಿ ಮಾರಲು ಇದ್ದ ಒಂದು ಕಾರಣ ಕಡಿಮೆಯಾಗಿದೆ.

ಹಳೆಯ ಕಾರು ಉಳ್ಳವರ ಹುಚ್ಚು, ಅದಕ್ಕೇಕೆ ಇಷ್ಟು ಚಿಂತೆ ಎಂದು ಕೆಲವರಾದರೂ ಕೇಳಬಹುದು. ಮೆಟ್ರಿಯಲ್ಲಿ ಅಂಬಾಸಿಡರ್ ಇರುವುದು ನಮ್ಮ ಮನೆಯಲ್ಲಿ ಮಾತ್ರ, ನಿಜ. ಆದರೆ ತುಂಗಭದ್ರಾ ನಾಲೆಯ ನೀರುಣ್ಣುವ ಈ ಸೀಮೆಯ ಹೊಲಗಳಲ್ಲಿ ಹಳೆಯ ಎಚ್‌ಎಂಟಿ ಟ್ರ್ಯಾಕ್ಟರುಗಳು ಇನ್ನೂ ಇವೆ. 1971ರಲ್ಲಿ ಜೆಕೊಸ್ಲೊವಾಕಿಯಾದ ಝೀಟರ್ ತಂತ್ರಜ್ಞಾನದಿಂದ ಹರಿಯಾಣದ ಪಿಂಜೋರಿನಲ್ಲಿ ಆರಂಭವಾದ ಆ ಟ್ರ್ಯಾಕ್ಟರ್ ಘಟಕವನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ 2016ರಲ್ಲಿ ಒಪ್ಪಿಗೆ ನೀಡಿತು. ನಾಟಿಗೆ ಮುಂಚಿನ ಕೆಸರುಗದ್ದೆಯ ಉಳುಮೆಯ ವಾರದಲ್ಲಿ ಟ್ರ್ಯಾಕ್ಟರಿನ ಹೊಸ ಬುಷ್ ಕಿತ್ತುಬಂದರೆ ನಷ್ಟ ರೈತನದು. ನನ್ನ ಕಾರು ವರ್ಷವಿಡೀ ಕಾಯಬಹುದು. ನಾಲೆಗೆ ನೀರು ಬಿಟ್ಟ ಮೇಲೆ ಗದ್ದೆ ಕಾಯುವುದಿಲ್ಲ. ಹಳೆಯ ಪಂಪುಸೆಟ್ಟು, ಅಕ್ಕಿ ಗಿರಣಿಯ ಯಂತ್ರ, ಕಬ್ಬಿನ ಗಾಣ ಎಲ್ಲವೂ ಈ ಮಾರುಕಟ್ಟೆಯ ಗಿರಾಕಿಗಳೇ. ಹೊಸದು ಕೊಳ್ಳಲಾಗದವರು ಹಳೆಯದನ್ನು ರಿಪೇರಿ ಮಾಡಿಸುತ್ತಾರೆ. ಕೂರದ ಬಿಡಿಭಾಗದ ಭಾರ ಹೆಚ್ಚಾಗಿ ಬೀಳುವುದು ಅವರ ಮೇಲೆ.

ಇದಕ್ಕಿಂತ ದೊಡ್ಡ ಉದಾಹರಣೆಯನ್ನು ನಮ್ಮ ಸೀಮೆ 2024ರ ಆಗಸ್ಟ್‌ನಲ್ಲಿ ಕಂಡಿತು. ಆ ತಿಂಗಳ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟಿನ ಚೈನು ಕಡಿದು ಗೇಟು ಕೊಚ್ಚಿಹೋಯಿತು. ಎಪ್ಪತ್ತು ವರ್ಷ ಹಳೆಯ ಅಣೆಕಟ್ಟು; 33 ಗೇಟುಗಳು, ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. ಅಂಗಡಿಯಲ್ಲಿ ಸಿಗುವ ಬಿಡಿಭಾಗವಲ್ಲ. ಅಳತೆ ತೆಗೆದು, ಹೊಸಪೇಟೆ ಆಸುಪಾಸಿನ ಕಾರ್ಖಾನೆಗಳಲ್ಲಿ ಉಕ್ಕಿನ ತಡೆಹಲಗೆಗಳನ್ನು ತುಂಡು ತುಂಡಾಗಿ ತಯಾರಿಸಿ, ನಿವೃತ್ತ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಕೂರಿಸಲಾಯಿತು. ಸುಮಾರು ಒಂದು ವಾರದಲ್ಲಿ ಕೆಲಸ ಮುಗಿಯಿತು. ಗೇಟುಗಳ ತಯಾರಿಕೆಗೆಂದೇ 1960ರಲ್ಲಿ ಹೊಸಪೇಟೆಯಲ್ಲಿ ಹುಟ್ಟಿದ್ದ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಕಂಪನಿಯನ್ನು ಮುಚ್ಚುವ ತೀರ್ಮಾನ ಅದಕ್ಕೆ ಒಂಬತ್ತು ವರ್ಷ ಮೊದಲೇ, 2015ರಲ್ಲಿ ಆಗಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಆ ವಾರ ನನಗೆ ಮನವರಿಕೆಯಾದದ್ದು ಇಷ್ಟು: ಕೈಚಳಕಕ್ಕೂ ಯಂತ್ರಗಳಿಗೂ ನಮ್ಮಲ್ಲಿ ಬರಗಾಲವಿಲ್ಲ. ಅಳತೆ ಕೈಗೆ ಸಿಕ್ಕರೆ ಹೊಸಪೇಟೆಯ ಲೇತು ಏನನ್ನಾದರೂ ಮಾಡಬಲ್ಲದು. ನನ್ನ ಕಾರಿನ ಬ್ರೇಕ್ ಸಿಲಿಂಡರುಗಳನ್ನು ಕೊರೆದು, ಒಳಗೆ ಹೊಸ ಕೊಳವೆ ಕೂರಿಸಿ, ಮೂಲದ ವ್ಯಾಸಕ್ಕೆ ತಂದುಕೊಟ್ಟದ್ದೂ ಅಲ್ಲಿಯದೇ ಒಂದು ಲೇತು.

ಸರ್ಕಾರ ಈ ವಿಷಯದಲ್ಲಿ ಸುಮ್ಮನಿಲ್ಲ. ಆದರೆ ಅರ್ಧ ದಾರಿಯಲ್ಲಿ ನಿಂತಿದೆ. 2021ರ ಜುಲೈನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ವಿಂಟೇಜ್ ವಾಹನಗಳ ನೋಂದಣಿಗೆ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿಸಿಕೊಂಡ, ಚಾಸಿಸ್, ಬಾಡಿ, ಇಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡು ಆಗಿರದ ವಾಹನಗಳಿಗೆ ಅದು ಅನ್ವಯ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಇದೆಲ್ಲ ಸರಿಯೇ. ಆದರೆ ‘ಮೂಲ ರೂಪ’ ಎಂದರೇನು ಎಂದು ಹೇಳುವ ದಾಖಲೆ ಯಾರ ಬಳಿ ಇದೆ? ಬಾಗಿಲಿಗೂ ಮಡ್‌ಗಾರ್ಡಿಗೂ ನಡುವೆ ಮೂಲದಲ್ಲಿ ಎಷ್ಟು ಸಂದಿತ್ತು ಎಂಬುದನ್ನು ಪರಿಶೀಲಿಸುವ ಅಧಿಕಾರಿ ಯಾವುದಕ್ಕೆ ಹೋಲಿಸಬೇಕು? ಮೂಲವನ್ನು ಕಾಪಾಡು ಎಂದು ಮಾಲೀಕನಿಗೆ ಆಜ್ಞಾಪಿಸುವ ನಿಯಮ, ಮೂಲದ ನಕ್ಷೆಯನ್ನು ಕಾಪಾಡು ಎಂದು ಯಾರಿಗೂ ಹೇಳುವುದಿಲ್ಲ. 2022ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಆರಂಭಿಸಿದ ‘ರಿಪೇರಿಯ ಹಕ್ಕು’ ಉಪಕ್ರಮದಲ್ಲಿ ವಾಹನಗಳೂ ಕೃಷಿ ಯಂತ್ರಗಳೂ ಸೇರಿವೆ. ಆದರೆ ಅದು ಅಂಗಡಿ ತೆರೆದಿಟ್ಟುಕೊಂಡಿರುವ ತಯಾರಕರನ್ನು ಕೇಳುವ ಹಕ್ಕು. ಬಾಗಿಲು ಹಾಕಿದವರ ವಾಹನಗಳು ಅನಾಥ.

ಬ್ರಿಟನ್ನಿನಲ್ಲಿ ಈ ಅನಾಥರಿಗೆ ಒಂದು ವ್ಯವಸ್ಥೆಯಾಯಿತು. 1975ರಲ್ಲಿ ಬ್ರಿಟಿಷ್ ಲೇಲ್ಯಾಂಡ್ ಹುಟ್ಟುಹಾಕಿದ ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ ಹಳೆಯ ಮಾದರಿಗಳ ಅಚ್ಚುಗಳನ್ನೂ ನಕ್ಷೆಗಳನ್ನೂ ಹುಡುಕಿ ಕೂಡಿಹಾಕಿತು. 1988ರಿಂದ ಎಂಜಿಬಿ ಕಾರಿನ ಇಡೀ ಬಾಡಿಯನ್ನೇ ಮೂಲ ಅಚ್ಚುಗಳಲ್ಲಿ ಹೊಸದಾಗಿ ಒತ್ತಿ ಮಾರತೊಡಗಿತು. ಅಂಬಾಸಿಡರಿನ ಪೂರ್ವಜ ಮಾರಿಸ್ ಆಕ್ಸ್‌ಫರ್ಡ್ ಕೂಡ ಅದೇ ಕುಲದ್ದು. ಕುಲದಲ್ಲಿ ಒಂದು ಕವಲಿಗೆ ಭಾಗ್ಯ, ಇನ್ನೊಂದಕ್ಕೆ ಗುಜರಿ.

ನಮ್ಮಲ್ಲಿ ಇದು ಅಸಾಧ್ಯವೇ? 1954ರ ಪುಸ್ತಕಗಳ ಸಲ್ಲಿಕೆ ಕಾಯ್ದೆಯ ಪ್ರಕಾರ ಪ್ರತಿ ಪ್ರಕಾಶಕರೂ ತಮ್ಮ ಪುಸ್ತಕದ ಪ್ರತಿಯನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಕಳುಹಿಸಬೇಕು. ಮೆಟ್ರಿಯ ಕವಿಯ ಇನ್ನೂರು ಪ್ರತಿಗಳ ಕವನ ಸಂಕಲನಕ್ಕೂ ಈ ಗೌರವ ಉಂಟು. ಲಕ್ಷಗಟ್ಟಲೆ ಜನರನ್ನು ಹೊತ್ತು ಓಡುವ ವಾಹನದ ನಕ್ಷೆಗೆ ಇಲ್ಲ. ಮಾದರಿಯೊಂದರ ಉತ್ಪಾದನೆ ನಿಂತ ಇಂತಿಷ್ಟು ವರ್ಷಗಳ ಬಳಿಕ, ಕನಿಷ್ಠ ಬ್ರೇಕು, ಸ್ಟೀರಿಂಗು, ಚಕ್ರಗಳಿಗೆ ಸಂಬಂಧಿಸಿದ ಭಾಗಗಳ ನಕ್ಷೆ ಮತ್ತು ವಸ್ತುವಿವರವನ್ನು ಸಾರ್ವಜನಿಕ ಭಂಡಾರಕ್ಕೆ ಒಪ್ಪಿಸಬೇಕೆಂದು ವಿಧಿಸಿದರೆ ತಯಾರಕರಿಗೆ ಆಗುವ ನಷ್ಟವೇನು? ತಾವು ಮಾರದ ಸರಕಿನ ಗುಟ್ಟಿಗೆ ವಾಣಿಜ್ಯ ಬೆಲೆಯಿಲ್ಲ. ಈಗಾಗಲೇ ನಕ್ಷೆ ಕಳೆದುಹೋದ ಮಾದರಿಗಳಿಗೆ, ಸವೆಯದ ಹಳೆಯ ದಾಸ್ತಾನಿನ ಭಾಗಗಳನ್ನು ಹುಡುಕಿ ಅಳೆದು ದಾಖಲಿಸುವ ಕೆಲಸ ಉಳಿದಿದೆ. ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ಇಂದು ರಾಜ್ಯದ ಹಲವು ಊರುಗಳಲ್ಲಿ ಕೇಂದ್ರಗಳಿರುವ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ವಿದ್ಯಾರ್ಥಿಗಳಿಗೆ ಅದಕ್ಕಿಂತ ಒಳ್ಳೆಯ ಪಾಠ ಬೇರೊಂದಿಲ್ಲ.

ಪೊಟ್ಟಣದ ಮೇಲಿನ ಬರಹ ಇದಕ್ಕಿಂತ ಸುಲಭದ ಕೆಲಸ. ಪೊಟ್ಟಣದ ಸರಕುಗಳ ಮೇಲೆ ತಯಾರಕರ ಹೆಸರು ವಿಳಾಸ, ತಿಂಗಳು ವರ್ಷ, ಬೆಲೆ ಇರಬೇಕೆಂದು 2011ರ ಕಾನೂನು ಮಾಪನ ನಿಯಮಗಳು ಹೇಳಿವೆ. ಬಿಸ್ಕತ್ತಿಗೆ ಅದು ಪಾಲನೆಯಾಗುತ್ತದೆ, ಬ್ರೇಕಿನ ಬಟ್ಟಲಿಗೆ ಆಗುವುದಿಲ್ಲ. ಆ ವಿಳಾಸದ ಜೊತೆಗೆ ಭಾಗದ ಅಳತೆ, ತಾಳಿಕೆಯ ಮಿತಿ, ವಸ್ತು ಯಾವುದು ಎಂಬ ಮೂರು ಸಾಲು ಕಡ್ಡಾಯವಾಗಲಿ. 2021ರಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವಂತಿಲ್ಲ ಎಂದು ವಿಧಿಸಿದ ದೇಶಕ್ಕೆ ಇದು ಹೊಸ ಮಾತಲ್ಲ. ಅಕೆರ್ಲಾಫ್ ಅವರ ನಿಂಬೆಹಣ್ಣಿಗೆ ಮದ್ದು ಮಾಹಿತಿಯೇ. ಇನ್‌ಸ್ಪೆಕ್ಟರುಗಳ ದಂಡು ಬೇಕಿಲ್ಲ; ನನ್ನ ಸೇವಾವಧಿಯಲ್ಲಿ ದಂಡು ಹೆಚ್ಚಿದಲ್ಲೆಲ್ಲ ದರ ಹೆಚ್ಚಿದ್ದನ್ನು ಕಂಡಿದ್ದೇನೆ, ಗುಣಮಟ್ಟವನ್ನಲ್ಲ.

ಹಂಪಿಯ ಮಂಟಪಗಳಲ್ಲಿ ಬಿರುಕು ಬಿಟ್ಟ ತೊಲೆಗಳ ಕೆಳಗೆ ಕೆತ್ತನೆಯಿಲ್ಲದ ಸಾದಾ ಆಧಾರಗಂಬಗಳನ್ನು ನಿಲ್ಲಿಸಿರುವುದನ್ನು ಎಲ್ಲರೂ ನೋಡಿರುತ್ತಾರೆ. ಸ್ಮಾರಕಗಳ ಸಂರಕ್ಷಣೆ ಕುರಿತ 1964ರ ವೆನಿಸ್ ಸನ್ನದು, ಬದಲಿಸಿ ಹಾಕಿದ ಭಾಗ ಮೂಲದೊಡನೆ ಹೊಂದಬೇಕು, ಆದರೆ ಮೂಲವೆಂದು ಭ್ರಮೆ ಹುಟ್ಟಿಸಬಾರದು ಎನ್ನುತ್ತದೆ. ವಿಂಟೇಜ್ ನಿಯಮಕ್ಕೂ ಈ ವಿವೇಕ ಬೇಕು. ನನ್ನ ಕಾರಿನ ಬ್ರೇಕ್ ಸಿಲಿಂಡರಿನ ಒಳಗೋಡೆ ಹೊಸಪೇಟೆಯದು, ಹೊರಗೋಡೆ ಉತ್ತರಪಾರಾದ್ದು. ಇದನ್ನು ಮುಚ್ಚಿಡದೆ ಬರೆಯಲು ಅರ್ಜಿಯಲ್ಲಿ ಒಂದು ಕಲಂ ಇದ್ದರೆ ಸಾಕು. ಬದಲಿಸಿದ್ದನ್ನು ಹೇಳಿದವನಿಗೆ ದಂಡವಿಲ್ಲ ಎಂಬ ಭರವಸೆಯೂ ಜೊತೆಗಿರಲಿ.

ಬೆಟ್ಟದ ಘಟನೆಯ ನಂತರ ಮೆಕ್ಯಾನಿಕ್ ಮತ್ತು ನಾನು ಒಂದು ಕೆಲಸಕ್ಕೆ ಕೈಹಾಕಿದ್ದೇವೆ. ಅವರ ಮಗ ಬೆಂಗಳೂರಿನಲ್ಲಿ ಬೇರೆ ಉದ್ಯೋಗದಲ್ಲಿದ್ದಾನೆ. ಅವರ ಗ್ಯಾರೇಜು ಅವರೊಂದಿಗೇ ಮುಗಿಯಲಿದೆ. ಹಾಗಾಗಿ ಭಾನುವಾರಗಳಂದು ಅವರು ವರ್ನಿಯರ್ ಹಿಡಿದು ಅಳತೆ ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಸವೆದ ಕಡೆ ಒಂದು, ಸವೆಯದ ಅಂಚಿನಲ್ಲಿ ಒಂದು, ಹೀಗೆ ಪ್ರತಿ ಭಾಗಕ್ಕೂ ಎರಡು ಅಳತೆ. ಇಂಚಿನಲ್ಲೂ ಮಿಲಿಮೀಟರಿನಲ್ಲೂ. ಮಡ್‌ಗಾರ್ಡಿನ ಹಳೆಯ ತಗಡನ್ನೇ ಉಳಿಸಿ, ಕೊಳೆತ ಕೆಳ ಅಂಚನ್ನಷ್ಟೇ ಕತ್ತರಿಸಿ ಹೊಸ ಪಟ್ಟಿ ಬೆಸೆದದ್ದರಿಂದ ಅದರ ರಂಧ್ರಗಳ ಸ್ಥಾನವೂ ಪುಸ್ತಕಕ್ಕೆ ಸೇರಿತು. ನೂರ ಹತ್ತು ಪುಟಗಳಾಗಿವೆ. ಒಂದು ಪ್ರತಿಯನ್ನು ಇಟ್ಟುಕೊಳ್ಳುವಿರಾ ಎಂದು ಪಾಲಿಟೆಕ್ನಿಕ್ ಒಂದರ ಗ್ರಂಥಾಲಯಕ್ಕೆ ಪತ್ರ ಬರೆದಿದ್ದೆ. ಸಂತೋಷದಿಂದ ಇಟ್ಟುಕೊಳ್ಳುತ್ತೇವೆ, ಯಾವ ವಿಷಯದಡಿ ದಾಖಲಿಸಬೇಕು ಎಂದು ಕೇಳಿ ಉತ್ತರ ಬಂದಿದೆ.